ಅಮಾವಾಸ್ಯೆಗೆ ಬರುವವನು

ಪಟಾಲಮ್ಮ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ಬುಷ್ರಾ ಪ್ರಶ್ನೆ ಓದುವಾಗಲೂ ಅವಳ ಕೈ ನಿಲ್ಲಲಿಲ್ಲ.

"ನಿಮಗೆ ಪರಿಚಯ ಇರೋರಲ್ಲಿ, ನೋವಿನ ಮಾತ್ರೆನ ನೋವಿಲ್ಲದಿದ್ರೂ ಅಮಲಿಗೆ ಅಂತ ತಗೊಳ್ಳೋರು ಎಷ್ಟು ಜನ ಇದಾರೆ ಅಮ್ಮ?"

"ಅಮಲ್ಗಾ?"

"ಹೂಂ. ನುಂಗೋರು, ಇಲ್ಲಾ ಸೂಜೀಲಿ ಚುಚ್ಕೊಳ್ಳೋರು. ಹೆಸರು ಬೇಡ. ಎಷ್ಟು ಜನ ಅಂದ್ರೆ ಸಾಕು."

"ಪರಿಚಯ ಅಂದ್ರೆ ಹೆಂಗೆ ಪರಿಚಯ?"

ಅದಕ್ಕೂ ಉತ್ತರ ಸಿದ್ಧವಿತ್ತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕುಗಳಲ್ಲಿ ಬುಷ್ರಾಗೆ ಅದು ಹೇಳಿ ಹೇಳಿ ಬಾಯಿಪಾಠವಾಗಿತ್ತು. ಅವರು ಯಾರು ಅಂತ ನಿಮಗೆ ಗೊತ್ತಿರಬೇಕು. ನೀವು ಯಾರು ಅಂತ ಅವರಿಗೆ ಗೊತ್ತಿರಬೇಕು. ಈ ಎರಡು ವರ್ಷದಲ್ಲಿ ಒಮ್ಮೆಯಾದರೂ ಮಾತಾಡಿರಬೇಕು.

"ಅಂಗಾರೆ ಒಬ್ಬ ಅವ್ನೆ. ನನ್ ದೊಡ್ಮಗ. ಕಿರಣ್ ಕುಮಾರ."

ಬುಷ್ರಾ ಪೆನ್ನು ಎತ್ತಿ ಹಿಡಿದುಕೊಂಡೇ ಕೂತಳು. ತಮ್ಮ ಮನೆಯವರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮಾತ್ರೆ ತಿನ್ನುವವರು ಯಾವಾಗಲೂ ಮೇಲಿನ ಬೀದಿಯಲ್ಲಿ, ಪಕ್ಕದ ಊರಿನಲ್ಲಿ, ಆಂಧ್ರದ ಗಡಿಯಾಚೆ ಇರುತ್ತಿದ್ದರು. ಈ ಸಮೀಕ್ಷೆ ಹುಟ್ಟಿದ್ದೇ ಅದಕ್ಕಾಗಿ. ತನ್ನ ಮನೆಯ ಬಗ್ಗೆ ಬಾಯಿ ಬಿಡದವರು ಪರಿಚಯದವರ ಬಗ್ಗೆ ಹೇಳುತ್ತಾರೆ. ಒಬ್ಬೊಬ್ಬರಿಗೆ ಸುಮಾರು ಎಷ್ಟು ಜನರ ಪರಿಚಯವಿರುತ್ತದೆಂದು ಬೇರೆ ಪ್ರಶ್ನೆಗಳಿಂದ ಅಂದಾಜು ಮಾಡಿಕೊಂಡು, ಎರಡನ್ನೂ ಇಟ್ಟುಕೊಂಡು ಭಾಗಿಸಿ ಗುಣಿಸಿದರೆ ತಾಲ್ಲೂಕಿನಲ್ಲಿ ಎಷ್ಟು ಮಂದಿ ಈ ಚಟಕ್ಕೆ ಬಿದ್ದಿದ್ದಾರೆ ಎಂಬ ಲೆಕ್ಕ ಸಿಗುತ್ತದೆ.

"ಇತ್ತೀಚೆಗೆ ಅವ್ರ ಹತ್ರ ಮಾತಾಡಿದ್ದೀರಾ?"

"ಬೆಳಿಗ್ಗೆ ತಾನೆ ಮಾತಾಡ್ದೆ."

"ಈಗ ಎಲ್ಲಿದಾರೆ?"

"ಮಾರ್ಲಾಮಿ ಅಮಾಸೆಗೆ ಬತ್ತಾನೆ. ಬರ್ದೆ ಎಲ್ಲಿಗೋದಾನು."

ಮಾತ್ರೆ ತೆಗೆದುಕೊಳ್ಳುವವರನ್ನೇ ಕೂರಿಸಿಕೊಂಡು ಮಾತಾಡಿಸುವುದೂ ಬುಷ್ರಾಳ ಕೆಲಸವಾಗಿತ್ತು. ಹಳ್ಳಿಗಳಲ್ಲಿ ಅಂಥವರು ಸಿಗುವುದು ಕಷ್ಟ. "ಅವತ್ತು ನಾನೂ ಬರಬಹುದಾ ಅಮ್ಮ? ಅವ್ರನ್ನ ಮಾತಾಡ್ಸೋಕೆ?" ಎಂದು ಕೇಳಿದಳು.

ಆಗ ಪಟಾಲಮ್ಮನ ಕೈ ನಿಂತಿತು. ಸಿಪ್ಪೆಯ ರಾಶಿಯ ಆಚೆಯಿಂದ ತಲೆ ಎತ್ತಿದಳು.

"ಬಾರವ್ವ. ಅವ್ನ ಮಾತಾಡ್ಸೋರೇ ಯಾರೂ ಇಲ್ಲ."

ಹೊರಗೆ ಜಗಲಿಯ ಮೇಲೆ ಪಟಾಲಮ್ಮನ ಮೈದುನ ದಾಸಯ್ಯ ಬೀಡಿ ಹಚ್ಚುತ್ತಿದ್ದ. ಬುಷ್ರಾ ಚಪ್ಪಲಿ ಮೆಟ್ಟುವಾಗ, "ಯಾರ್ನ ಮಾತಾಡ್ಸಾಕೆ ಬತ್ತೀಯವ್ವ ಅಮಾಸೆಗೆ?" ಎಂದ.

"ಕಿರಣ್ ಅವ್ರನ್ನ."

ದಾಸಯ್ಯ ಬೀಡಿ ಬಾಯಿಂದ ತೆಗೆದ. "ಓದ್ ವರ್ಸ ಅವ್ನ ಗುಂಡಿಗೆ ಮಣ್ಣೆಳ್ದೋನು ನಾನೇ ಕಣವ್ವ. ಬೋರ್‌ವೆಲ್ ಲಾರೀಲಿ ಮಲಗ್ದೋನು ಏಳ್ಲೇ ಇಲ್ಲ. ನೀನು ಮಾತಾಡ್ಸು. ಏನಾರಾ ಅಂದ್ರೆ ನಂಗೂ ಒಸಿ ತಿಳ್ಸು."

*

ಸಿರಾದ ಬಾಡಿಗೆ ಕಚೇರಿಯಲ್ಲಿ ಜಯರಾಮಯ್ಯ ಈ ಮಾತು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಮೀಕ್ಷೆಯ ಮೇಲ್ವಿಚಾರಣೆ ಅವರದು. ಆ ಪ್ರಶ್ನೆಯನ್ನು ಕನ್ನಡಕ್ಕೆ ತಂದಿದ್ದವರೂ ಅವರೇ.

"'ಬದುಕಿರುವ' ಅಂತ ಒಂದು ಮಾತು ಸೇರಿಸ್ಬೇಕಿತ್ತು ಕಣಮ್ಮ. ಯಾರಿಗೂ ಹೊಳೀಲೇ ಇಲ್ಲ ನೋಡು. ಪರಿಚಯದೋರು ಅಂದ್ರೆ ಬದುಕಿರೋರೇ ಅಂದ್ಕೊಂಡ್ವಿ."

"ಈಗೇನ್ಮಾಡೋದು ಸರ್?"

"ಇನ್ಮೇಲೆ ಸೇರಿಸಿ ಕೇಳು. ಆಗೋಗಿರೋದಕ್ಕೆ ಏನ್ಮಾಡ್ತೀಯ? ಮನೆಮನೆಗೆ ವಾಪಸ್ ಹೋಗಿ, ನೀವು ಹೇಳಿದೋರು ಇದಾರಾ ಸತ್ತೋದ್ರಾ ಅಂತ ಕೇಳಕ್ಕಾಗತ್ತಾ? ಪೊರಕೆ ತಗೋತಾರೆ." ನಗಲು ನೋಡಿದರು, ಆಗಲಿಲ್ಲ. "ಅಂಥೋವು ಎಷ್ಟಿರತ್ತೆ, ಒಂದೋ ಎರಡೋ."

ಒಂದೋ ಎರಡೋ ಅಲ್ಲವೆಂದು ಬುಷ್ರಾಗೆ ಆಗಲೇ ಅನ್ನಿಸತೊಡಗಿತ್ತು. ಬರಗೂರಿನಲ್ಲಿ ಒಬ್ಬ ಮುದುಕ "ಇಬ್ಬರು" ಎನ್ನುವ ಮೊದಲು ಗೋಡೆ ನೋಡಿದ್ದ. ಗೋಡೆಯ ಮೇಲೆ ಏನಿತ್ತೆಂದು ಅವಳು ನೋಡಿರಲಿಲ್ಲ, ಬರೆಯುತ್ತಿದ್ದಳು. ರಾಯಚರ್ಲುವಿನಲ್ಲಿ, ಸೋಲಾರ್ ಫಲಕಗಳ ಬೆಳಕು ಒಳಗಿನವರೆಗೂ ನುಗ್ಗುವ ಮನೆಯಲ್ಲಿ, ಒಬ್ಬ ಹೆಂಗಸು "ಒಕ್ಕಡೇ ಅಮ್ಮ, ಒಬ್ನೇ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಿದ್ದಳು. ನೆಗಡಿ ಎಂದುಕೊಂಡಿದ್ದಳು ಬುಷ್ರಾ. ಕೊರಟಗೆರೆಯ ಹೋಟೆಲಿನವನು "ಇದ್ದ, ಇದಾನೆ" ಎಂದಿದ್ದ. ಮಾತು ತಡವರಿಸಿತು ಅಷ್ಟೇ ಎಂದುಕೊಂಡು ಮುಂದಿನ ಪ್ರಶ್ನೆಗೆ ಹೋಗಿದ್ದಳು.

ಆ ಸತ್ತವರೆಲ್ಲರೂ ಈಗ ಲೆಕ್ಕದ ಒಳಗಿದ್ದರು. ಗುಣಾಕಾರವಾಗಿ, ಶೇಕಡಾವಾರಾಗಿ, ನಾಲ್ಕು ತಾಲ್ಲೂಕುಗಳ ಬಸ್‌ಸ್ಟ್ಯಾಂಡುಗಳಲ್ಲಿ, ಹಾಳು ಗೋಡೌನುಗಳ ಹಿಂದೆ, ಬದುಕಿರುವವರ ಪಕ್ಕದಲ್ಲಿ ಅವರೂ ಕೂತಿದ್ದರು. ಹೆದ್ದಾರಿಯ ಸೇತುವೆಯ ಕೆಳಗೆ ಹುಡುಗರ ಗುಂಪು ಕಂಡರೆ ಬುಷ್ರಾ ಈಗ ನೆರಳುಗಳನ್ನು ನೋಡುತ್ತಿದ್ದಳು. ಎಲ್ಲರಿಗೂ ನೆರಳು ಇರುತ್ತಿತ್ತು. ಅದರಿಂದ ಸಮಾಧಾನವೇನೂ ಆಗುತ್ತಿರಲಿಲ್ಲ.

*

ಈ ಒಂದು ಉತ್ತರವನ್ನಾದರೂ ತಿದ್ದಲು ಅವಳು ಪಟಾಲಮ್ಮನ ಊರು ಐ.ಡಿ.ಹಳ್ಳಿಗೆ ಮತ್ತೆ ಹೋದಳು. ಪಟಾಲಮ್ಮನ ಕಿರಿಯ ಮಗ ಲಕ್ಷ್ಮೀಪತಿ ಉರಿಬಿಸಿಲಿನಲ್ಲಿ ಕಂಬಳಿ ಹೊದ್ದು ಕೂತಿದ್ದ. ಕೋಳಿ ಫಾರಂ ಕೆಲಸ ಬಿಟ್ಟಿದ್ದ. ಮೂಗು ಸೋರುತ್ತಿತ್ತು. ಒಂದರ ಹಿಂದೊಂದು ಆಕಳಿಕೆ ಬರುತ್ತಿತ್ತು. ಕೇಳುವ ಅಗತ್ಯವಿರಲಿಲ್ಲ. ಇಷ್ಟು ದಿನದ ಕೆಲಸದಲ್ಲಿ ಮಾತ್ರೆ ಸಿಗದವನ ಮೈ ಹೇಗಿರುತ್ತದೆಂದು ಅವಳಿಗೆ ಗೊತ್ತಾಗಿತ್ತು.

"ಇವ್ರೂ ತಗೋತಾರಾ?" ಎಂದಳು ಒಳಗೆ ಹೋಗಿ.

"ಇವ್ನು ತಗಳಾದಲ್ಲ ಕಣಮ್ಮ, ಅವ್ನು ತಗಳಾದು." ಪಟಾಲಮ್ಮ ದನಿ ತಗ್ಗಿಸಿದಳು. "ಓದ್ ವರ್ಸ ಎಡೆ ಇಟ್ಟೆ. ಮುದ್ದೆ ಇಟ್ಟೆ, ಕೋಳಿ ಸಾರು ಇಟ್ಟೆ, ಕಜ್ಜಾಯ ಇಟ್ಟೆ. ಅವ್ನು ಬೇಡಿದ್ದು ಅದಲ್ಲ. ಸಾಯೋಗಂಟ ಯಾವುದ್ನ ಬೇಕು ಬೇಕು ಅಂತಿದ್ನೋ ಅದ್ನ ಇಡ್ಲಿಲ್ಲ. ನಾಚ್ಕೆ ಆಯ್ತು. ಅಸ್ಕಂಡೇ ಎದ್ದೋದ. ಎದ್ದು ಎಲ್ಗೋದಾನು? ತಮ್ಮನ್ ಮೈಯಾಗೆ ಸೇರ್ಕಂಡ."

"ಅಮ್ಮ, ಇದು ಕಾಯಿಲೆ. ತುಮಕೂರಿನ ಆಸ್ಪತ್ರೇಲಿ ಇದಕ್ಕೆ ವಾರ್ಡೇ ಇದೆ. ಡಾಕ್ಟ್ರ ಹತ್ರ ನಾನು ಮಾತಾಡ್ತೀನಿ. ನಾಳೇನೇ ಕರ್ಕೊಂಡು ಹೋಗೋಣ."

"ಕಳುಸ್ತೀನಿ. ಅವ್ನ್ ಅಸಿವು ತೀರ್ಲಿ, ಅವ್ನು ಇವ್ನ ಬುಟ್ಟು ಓಗ್ಲಿ, ಆಮ್ಯಾಕೆ ಎಲ್ಲಿಗಾರಾ ಕರ್ಕಂಡೋಗು. ಮೈಯಾಗೆ ಇಬ್ರು ಇಟ್ಕಂಡೋನ್ಗೆ ಯಾವ್ ಡಾಕ್ಟ್ರು ಏನ್ ಮಾಡಾನು?" ಬುಷ್ರಾಳ ಮಣಿಕಟ್ಟು ಹಿಡಿದಳು. "ತಿನ್ನೋರೆಲ್ಲ ನಿಂಗೆ ಗೊತ್ತು. ಒಂದು ತಂದ್ಕೊಡು. ಅಮಾಸೆಗೆ ಇಡ್ತೀನಿ. ಅವತ್ತೇ ಇವ್ನ ಕರ್ಕಂಡೋಗು. ಅಡ್ಡ ಬಂದ್ರೆ ಕೇಳು."

ಬುಷ್ರಾ ಆಗುವುದಿಲ್ಲ ಎಂದಳು. ಎದ್ದು ಬಂದಳು. ಲಕ್ಷ್ಮೀಪತಿ ಕಂಬಳಿಯೊಳಗಿಂದ, "ಅಮಾಸೆ ಮುಗೀಲಿ ಅಕ್ಕ, ಬತ್ತೀನಿ. ದೇವ್ರಾಣೆ ಬತ್ತೀನಿ. ಹಿಂಗೇ ಇದ್ರೆ ನಾನೂ ಲಾರೀಲಿ ಮಲಗ್ದಂಗೇಯ" ಎಂದ. ಅವನ ಹಲ್ಲು ಕಟಕಟ ಎನ್ನುತ್ತಿತ್ತು.

ಬಸ್ಸಿನಲ್ಲಿ ಅವಳಿಗೆ ಅಜ್ಜನ ನೆನಪಾಯಿತು. ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡ ಅಜ್ಜ. ಬದುಕಿದ್ದಾಗ ಅಮ್ಮಿ ಅವರ ಕೈಯಿಂದ ಹಲ್ವಾ ಕಸಿದುಕೊಳ್ಳುತ್ತಿದ್ದಳು. ಸತ್ತ ಮೇಲೆ ಪ್ರತಿ ಶಬ್-ಎ-ಬರಾತ್‌ಗೆ ಅವರ ಹೆಸರಿನಲ್ಲಿ ತುಪ್ಪ ಸುರಿದು ಹಲ್ವಾ ಮಾಡುತ್ತಾಳೆ. ಸಕ್ಕರೆ ಬದಲು ಬೆಲ್ಲ ಹಾಕೋಣವೇ ಎಂದು ಒಮ್ಮೆ ಬುಷ್ರಾ ಕೇಳಿದ್ದಕ್ಕೆ ಅಮ್ಮಿ ನೋಡಿದ ನೋಟ ನೆನಪಿತ್ತು. ಕಿರಣನ ಎಲೆಯ ಮೇಲೆ ಜ್ವರದ ಮಾತ್ರೆ ಇಟ್ಟು ಅದೇ ಇದು ಎಂದರೆ ಪಟಾಲಮ್ಮ ನಂಬುತ್ತಿರಲಿಲ್ಲ, ಮಗನ ಜೇಬಿನಿಂದ ಎಷ್ಟು ಸಲ ತೆಗೆದೆಸೆದಿದ್ದಳೋ. ನಂಬಿದರೂ ಬುಷ್ರಾಗೆ ಅದು ಆಗುತ್ತಿರಲಿಲ್ಲ. ಸತ್ತವರಿಗೆ ಸುಳ್ಳು ಬಡಿಸಬಾರದು.

ಒಂದು ಮಾತ್ರೆ ಎಲೆಯ ಮೇಲೆ ಸ್ವಲ್ಪ ಹೊತ್ತು ಇರುತ್ತದೆ. ಆಮೇಲೆ ಕಾಗೆಗೋ ತಿಪ್ಪೆಗೋ ಹೋಗುತ್ತದೆ. ಹುಡುಗ ಆಸ್ಪತ್ರೆ ಸೇರುತ್ತಾನೆ. ಹಾಗೆಂದುಕೊಂಡಳು.

*

ಸಿರಾದ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯಲ್ಲಿ ಅಜರ್ ಟೈರಿನೊಳಗೆ ಕೈ ಹಾಕಿ ಮೊಳೆ ಹುಡುಕುತ್ತಿದ್ದ. ಮಾತ್ರೆ ತಿನ್ನುವವರಲ್ಲಿ ಹಿಂದಿನ ತಿಂಗಳು ಸಮೀಕ್ಷೆಗೆ ಮನಸ್ಸು ಬಿಚ್ಚಿ ಮಾತಾಡಿದವನು ಅವನೊಬ್ಬನೇ. ಒಂದು ಮಾತ್ರೆ ಬೇಕೆಂದಳು ಬುಷ್ರಾ.

"ಕ್ಯಾ ಆಪಾ, ಎಣಿಸಿ ಎಣಿಸಿ ನೀವೂ ಶುರು ಮಾಡ್ಕಂಡ್ರಾ?"

"ನನಗಲ್ಲ. ಒಬ್ರು ತೀರ್ಕೊಂಡಿದಾರೆ. ಅಮಾವಾಸ್ಯೆಗೆ ಅವ್ರಿಗೆ ಎಡೆ ಇಡ್ಬೇಕಂತೆ."

ಅಜರ್ ಕೈ ಹೊರಗೆ ತೆಗೆದ. ಮೊದಲು ನಕ್ಕ. ಬುಷ್ರಾ ನಗಲಿಲ್ಲ. ಒಳಗೆ ಹೋಗಿ, ಕತ್ತರಿಯಲ್ಲಿ ಕತ್ತರಿಸಿದ ಒಂದು ಚೂರು ತಂದ. ಬೆಳ್ಳಿ ಹಾಳೆಯಲ್ಲಿ ಎರಡು ಮಾತ್ರೆ.

"ಎಷ್ಟು ಕೊಡ್ಲಿ?"

"ಮುರ್ದೋಂಕೂ ದಿಯೇ ಸೋ ಆಪಾ, ಸತ್ತೋರಿಗೆ ಕೊಟ್ಟಿದ್ದಕ್ಕೆ ದುಡ್ಡು ಬೇಡ." ಟೈರಿನ ಮೇಲೆ ಕೂತ. "ಅಚ್ಛಾ ರಿವಾಜ್ ಹೈ, ಒಳ್ಳೆ ಪದ್ಧತಿ. ನನಗ್ಯಾರಾದ್ರೂ ಇಡ್ತಾರಾ? ನಮ್ದ್ರಲ್ಲಿ ಬರೀ ಹಲ್ವಾ. ಹಲ್ವಾ ತಿನ್ನಕ್ಕೆ ಅಲ್ಲಿಂದ ಯಾರು ಬರ್ತಾರೆ?"

"ನೀನೂ ಬಾರೋ ಆಸ್ಪತ್ರೆಗೆ."

"ನೆಕ್ಸ್ಟ್ ಅಮಾವಾಸ್ಯೆ," ಎಂದು ಕಣ್ಣು ಹೊಡೆದು ಮತ್ತೆ ಟೈರಿನೊಳಗೆ ಕೈ ಹಾಕಿದ.

*

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ನಡುಮನೆಯಲ್ಲಿ ಎರಡು ಬಾಳೆಲೆ ಹಾಕಿದ್ದರು. ಒಂದು ಪಟಾಲಮ್ಮನ ಗಂಡನಿಗೆ. ಅದರ ಪಕ್ಕದಲ್ಲಿ ಬೀಡಿ ಕಟ್ಟು, ಬ್ರಾಂದಿಯ ಕ್ವಾರ್ಟರ್. ಇನ್ನೊಂದು ಕಿರಣನಿಗೆ. ಮುದ್ದೆ, ಕೋಳಿ ಸಾರು, ಕಜ್ಜಾಯ, ಕೂಲ್‌ಡ್ರಿಂಕಿನ ಬಾಟಲಿ, ಮಡಿಕೆ ಬಿಚ್ಚದ ನೀಲಿ ಶರ್ಟು. ಫೋಟೋದಲ್ಲಿ ಅವನು ಬೋರ್‌ವೆಲ್ ಲಾರಿಗೆ ಒರಗಿ ನಿಂತಿದ್ದ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದ ಅಷ್ಟೇ, ಆದರೆ ಎಲೆಯ ಮೇಲೆ ಏನಿದೆಯೆಂದು ನೋಡುತ್ತಿರುವಂತಿತ್ತು.

ಬುಷ್ರಾ ಕೊಟ್ಟ ಚೂರನ್ನು ಪಟಾಲಮ್ಮ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ಉಪ್ಪಿನ ಪಕ್ಕದಲ್ಲಿಟ್ಟಳು. ದಾಸಯ್ಯ ಕೆಂಡಕ್ಕೆ ಸಾಂಬ್ರಾಣಿ ಹಾಕಿದ. ಹೊಗೆ ಎದ್ದಿತು. ಒಬ್ಬೊಬ್ಬರೇ ಅಡ್ಡಬಿದ್ದು ಹೊರಗೆ ಬಂದರು. ಕೊನೆಗೆ ಪಟಾಲಮ್ಮ ಬಾಗಿಲು ಎಳೆದುಕೊಂಡಳು.

"ಈಗ ಯಾರೂ ಒಳೀಕೆ ಓಗಂಗಿಲ್ಲ," ಎಂದ ದಾಸಯ್ಯ ಬುಷ್ರಾಗೆ. "ನಾವಿದ್ರೆ ಅವ್ರು ನಾಚ್ಕತ್ತಾರೆ. ಬೇಗ್ ಉಣ್ಣಣ್ಣೋ! ಕ್ವಾಟ್ರು ಪೂರಾ ಏರ್ಸ್‌ಬ್ಯಾಡ, ಓದ್ಸಲ ನಂಗೆ ನೀರೇ ಉಳ್ದಿದ್ದು."

"ಸುಮ್ಕಿರ್ಲಾ," ಎಂದಳು ಪಟಾಲಮ್ಮ.

ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ಲಕ್ಷ್ಮೀಪತಿ ಕಂಬಕ್ಕೆ ಒರಗಿದ್ದ. ಬೆಳಗಿನಿಂದ ಏನೂ ಸಿಕ್ಕಿರಲಿಲ್ಲ, ತುಟಿ ಒಣಗಿ ಬಿಳಿಚಿಕೊಂಡಿತ್ತು. ಊರೆಲ್ಲ ಸಾಂಬ್ರಾಣಿಯ ವಾಸನೆ. ಪ್ರತಿ ಮನೆಯ ಬಾಗಿಲೂ ಮುಚ್ಚಿತ್ತು, ಪ್ರತಿ ಮನೆಯವರೂ ಹೊರಗೆ ನಿಂತಿದ್ದರು. ಊರನ್ನು ಆ ಹೊತ್ತಿಗೆ ಬೇರೆಯವರಿಗೆ ಬಿಟ್ಟುಕೊಟ್ಟಂತಿತ್ತು. ನಾಯಿಗಳು ಕೂಡ ಬೀದಿಯ ನಡುವೆ ಬಂದು ಕೂತಿದ್ದವು.

ಆಗ ಒಳಗೆ ಚಟ್ ಎಂದಿತು.

ಸಣ್ಣ ಸದ್ದು. ಬೆಳ್ಳಿ ಹಾಳೆಯ ಬೆನ್ನನ್ನು ಹೆಬ್ಬೆರಳಿನಲ್ಲಿ ಒತ್ತಿದಾಗ ಬರುವ ಸದ್ದು. ಬುಷ್ರಾ ಆ ಸದ್ದನ್ನು ಎಷ್ಟೋ ಸಲ ಕೇಳಿದ್ದಳು. ದಾಸಯ್ಯ ಬೀದಿಯ ಕಡೆ ನೋಡುತ್ತಿದ್ದ. ಪಟಾಲಮ್ಮ ಕಣ್ಣು ಮುಚ್ಚಿದ್ದಳು. ಲಕ್ಷ್ಮೀಪತಿ ಮಾತ್ರ ಬುಷ್ರಾಳನ್ನೇ ನೋಡುತ್ತಿದ್ದ.

"ಕೇಳ್ಸ್ತಾ ಅಕ್ಕ?"

"ಇಲಿ ಇರ್ಬೇಕು."

"ಇಲಿ ಅಲ್ಲ," ಎಂದ ಅವನು, ಎಂಜಲು ನುಂಗಿಕೊಂಡು.

ದಾಸಯ್ಯ ಕೆಮ್ಮಿ, ಬಾಗಿಲು ತಟ್ಟಿ ತೆರೆದ. ಹೊಗೆ ಇಳಿದಿತ್ತು. ಬುಷ್ರಾ ಮೊದಲು ನೋಡಿದ್ದು ಉಪ್ಪಿನ ಪಕ್ಕ. ಎರಡೂ ಮಾತ್ರೆ ಹಾಗೇ ಇದ್ದವು, ಹಾಳೆ ಹರಿದಿರಲಿಲ್ಲ. ಇನ್ನು ಎಲೆ ಎತ್ತುವುದು, ಬಸ್ಸು ಹಿಡಿಯುವುದು ಎಂದುಕೊಂಡಳು.

ಯಾರೂ ಎಲೆ ಎತ್ತಲಿಲ್ಲ. ದಾಸಯ್ಯ ಅಣ್ಣನ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಕ್ವಾರ್ಟರಿನ ಮುಚ್ಚಳ ತಿರುವಿದ. ಬೀಡಿ ಕಟ್ಟು ಅವನ ಜೇಬಿಗೆ ಹೋಯಿತು. ಬುಷ್ರಾಳ ಕೈಗೆ ಒಂದು ಕಜ್ಜಾಯ ಬಂತು. ಪಟಾಲಮ್ಮ ನೀಲಿ ಶರ್ಟಿನ ಮಡಿಕೆ ಬಿಡಿಸಿ ಲಕ್ಷ್ಮೀಪತಿಗೆ ತೊಡಿಸಿ, ಗುಂಡಿ ತಾನೇ ಹಾಕಿ, ಕಿರಣನ ಎಲೆಯ ಮುಂದೆ ಅವನನ್ನು ಕೂರಿಸಿದಳು. ಸತ್ತವನಿಗೆ ಇಟ್ಟದ್ದೆಲ್ಲ ಒಂದೊಂದಾಗಿ ಬದುಕಿರುವವನ ಕಡೆಗೆ ಸರಿಯಿತು. ಮುದ್ದೆ, ಸಾರು, ಬಾಟಲಿ. ಆಮೇಲೆ ಅವಳ ಕೈ ಉಪ್ಪಿನ ಕಡೆ ಹೋಯಿತು.

ಅಜ್ಜನ ಹಲ್ವಾವನ್ನು ಪ್ರತಿ ವರ್ಷ ತಿಂದವಳು ಬುಷ್ರಾ. ಫಾತಿಹಾ ಓದಿ ಪ್ರಾರ್ಥನೆ ಮುಗಿದ ಮೇಲೆ ತಟ್ಟೆ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಇದು ಹೊಳೆದಿರಲಿಲ್ಲ. ಮಾತ್ರೆಯನ್ನು ಅವಳು ಊಟ ಎಂದುಕೊಂಡಿರಲೇ ಇಲ್ಲ.

"ಅಮ್ಮಾ, ಏನ್ಮಾಡ್ತಿದೀರಿ?"

"ಎಡೆ ಕಣಮ್ಮ. ಮನೇರೇ ತಿನ್ಬೇಕು, ಬಿಸಾಕಂಗಿಲ್ಲ. ಅವ್ನು ಉಂಡ್ಮ್ಯಾಕೆ ಅದ್ರಾಗೇನೈತೆ, ಬರೀ ಸಿಪ್ಪೆ. ಅಣ್ಣನ ಎಂಜಲು ತಿಂದ್ರೆ ಇವ್ನ್ ಅಸಿವೂ ಇಂಗೋಯ್ತದೆ. ತಕ್ಕಳಪ್ಪ."

ಲಕ್ಷ್ಮೀಪತಿ ಆಗಲೇ ಅಂಗೈ ಚಾಚಿದ್ದ. ಅವನ ಮುಖದಲ್ಲಿ ಸಂತೋಷವಿರಲಿಲ್ಲ, ಭಕ್ತಿಯಿತ್ತು. ಅದನ್ನು ನೋಡಿಯೇ ಬುಷ್ರಾ ಎದ್ದಳು. ಎಲೆ ದಾಟಿ, ಸಾರು ಚೆಲ್ಲಿ, ಪಟಾಲಮ್ಮನ ಬೆರಳುಗಳ ನಡುವಿನಿಂದ ಚೂರನ್ನು ಕಿತ್ತುಕೊಂಡಳು.

"ಲೇ! ಎಡೆ ತುಳ್ದುಬುಟ್ಳಲ್ಲೋ!" ದಾಸಯ್ಯ ಬಾಟಲಿ ಹಿಡಿದೇ ಎದ್ದು ನಿಂತ.

ಲಕ್ಷ್ಮೀಪತಿ ಕೂತಲ್ಲಿಂದಲೇ ಅವಳ ಚೂಡಿದಾರಿನ ಅಂಚು ಹಿಡಿದ. "ಕೊಡಕ್ಕ. ನಮ್ಮಣ್ಣಂದು ಅದು. ಕೊಡಕ್ಕ, ಕಾಲಿಗೆ ಬೀಳ್ತೀನಿ."

"ಅದ್ರಲ್ಲಿ ಎಲ್ಲಾ ಇದೆ ಅಮ್ಮ," ಎಂದಳು ಬುಷ್ರಾ. "ಸಿಪ್ಪೆ ಅಲ್ಲ. ಅವ್ರು ಏನೂ ತಗೊಂಡಿಲ್ಲ. ಪೂರ್ತಿ ಹಾಗೇ ಇದೆ."

ಪಟಾಲಮ್ಮ ಬೈಯುತ್ತಾಳೆಂದು ಬುಷ್ರಾ ಅಂದುಕೊಂಡಿದ್ದಳು. ಆದರೆ ಪಟಾಲಮ್ಮ ಹೆದರಿದ್ದಳು, ಮಗನಿಗಾಗಿ ಅಲ್ಲ, ಬುಷ್ರಾಗಾಗಿ.

"ಇಟ್ಬುಡವ್ವ. ಅದು ಎಲ್ಲೋಯ್ತದೋ ಅವ್ನೂ ಅಲ್ಲಿಗೇ ಬತ್ತಾನೆ. ನಿನ್ ಹಿಂದೇನೆ ಬತ್ತಾನೆ."

"ಬರಲಿ."

"ನಿಂಗೊತ್ತಿಲ್ಲ ಅವ್ನ್ ಅಸಿವು."

"ಬರಲಿ ಬಿಡಿ ಅಮ್ಮ. ನನ್ ಜೊತೇನೇ ಬರಲಿ."

ಚೂರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು ಹೊರಗೆ ನಡೆದಳು.

ಬೀದಿಯಲ್ಲಿ ಬಾಗಿಲುಗಳು ತೆರೆಯುತ್ತಿದ್ದವು. ಜನ ಒಳಗೆ ಹೋಗುತ್ತಿದ್ದರು. ಬುಷ್ರಾ ತಿರುಗಿ ನೋಡದೆ ನಡೆದಳು. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಹೆಜ್ಜೆ ಕೇಳಿಸಿತು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು. ನಡೆದರೆ ನಡೆಯುತ್ತಿತ್ತು, ಕಾಲೆಳೆದುಕೊಂಡು, ಅವಸರವಿಲ್ಲದೆ, ಎಲ್ಲಿಗೆ ಬೇಕಾದರೂ ಬರುವವನ ಹಾಗೆ. ಬಸ್‌ಸ್ಟಾಪಿನ ಕಟ್ಟೆ ಮುಟ್ಟಿದ ಮೇಲೆ ತಿರುಗಿದಳು.

ನೀಲಿ ಶರ್ಟು. ಲಕ್ಷ್ಮೀಪತಿ ಬರಿಗಾಲಲ್ಲಿ ನಿಂತಿದ್ದ. ಅವಳ ಮುಖ ನೋಡುತ್ತಿರಲಿಲ್ಲ, ಚೀಲ ನೋಡುತ್ತಿದ್ದ. ಅವನ ಹಿಂದೆ ಪಟಾಲಮ್ಮ ಅವನ ಚಪ್ಪಲಿ ಹಿಡಿದುಕೊಂಡು ಬರುತ್ತಿದ್ದಳು.

ಇದನ್ನು ಬುಷ್ರಾ ಯೋಚಿಸಿರಲಿಲ್ಲ. ಆದರೆ ಮಧುಗಿರಿಯ ಬಸ್ಸು ಧೂಳೆಬ್ಬಿಸಿಕೊಂಡು ಬರುವಷ್ಟರಲ್ಲಿ ಅವಳಿಗೆ ಗೊತ್ತಾಯಿತು. ಕರೆಯುವ ಅಗತ್ಯವಿಲ್ಲ. ಒಪ್ಪಿಸುವ ಅಗತ್ಯವಿಲ್ಲ. ಚೀಲ ತುಮಕೂರಿಗೆ ಹೋದರೆ ಅವನು ತುಮಕೂರಿಗೆ ಬರುತ್ತಾನೆ, ವಾರ್ಡಿನ ಬಾಗಿಲಿನವರೆಗೂ ಬರುತ್ತಾನೆ. ಇದು ಸರಿಯೋ ತಪ್ಪೋ ಎಂದು ನೋಡುವಷ್ಟು ಹೊತ್ತು ಬಸ್ಸು ನಿಲ್ಲುವುದಿಲ್ಲ. ಅವಳು ಹತ್ತಿದಳು. ಅವನೂ ಹತ್ತಿದ.

ಪಟಾಲಮ್ಮ ಕಿಟಕಿಯಿಂದ ಚಪ್ಪಲಿ ಕೊಟ್ಟಳು. ಅವಳ ಕಣ್ಣು ಮಗನ ಮೇಲಿತ್ತು, ಆಮೇಲೆ ಮಗನ ಪಕ್ಕಕ್ಕೆ ಸರಿದು ಅಲ್ಲೇ ನಿಂತಿತು.

"ಇಬ್ರೂ ಜ್ವಾಪಾನ ಕಣ್ರಪ್ಪಾ. ಅಕ್ಕನ್ ಮಾತು ಕೇಳಿ."

ಬಸ್ಸು ಹೊರಟಿತು. ಮೂವರು ಕೂರುವ ಸೀಟಿನಲ್ಲಿ ಬುಷ್ರಾ ಕಿಟಕಿಗೆ, ಲಕ್ಷ್ಮೀಪತಿ ಈ ತುದಿಗೆ. ನಡುವೆ ಜಾಗವಿತ್ತು. ನಿಂತಿದ್ದ ಯಾರೋ ಸರಿಯಲು ಹೇಳಿದರು. ಲಕ್ಷ್ಮೀಪತಿ ಕೇಳಿಸದವನಂತೆ ಕೂತಿದ್ದ. ಬೆವರು ಹೊಸ ಶರ್ಟನ್ನು ಮೈಗೆ ಅಂಟಿಸಿತ್ತು.

"ಅಕ್ಕ, ಆಸ್ಪತ್ರೇಲಿ ಅದ್ನ ಏನ್ ಮಾಡ್ತಾರೆ?"

"ಗೊತ್ತಿಲ್ಲ. ಎಸೀತಾರೇನೋ."

"ಅವ್ನೆದ್ರಿಗೆ ಎಸೀಬ್ಯಾಡ ಅಂತ ಏಳು," ಎಂದ ಅವನು. ಹಲ್ಲು ಕಚ್ಚಿಕೊಂಡು, ನಡುವಿನ ಜಾಗದ ಕಡೆ ನೋಡದೆ, ತನ್ನ ಎರಡೂ ಕೈಯನ್ನು ತೊಡೆಗಳ ಕೆಳಗೆ ಸಿಕ್ಕಿಸಿಕೊಂಡ.

ಬುಷ್ರಾ ಚೀಲವನ್ನು ಎದೆಗೆ ಅವುಚಿಕೊಂಡಳು.